ಇನ್ವರೇರಿಯ ಹಸುರು ಬಯಲು: ರಚಿತ ಭೂದೃಶ್ಯವನ್ನು ಓದುವ ಕ್ರಮ

೧

ಚರಿತ್ರೆಯ ಆಕರಗಳನ್ನು ಎಣಿಸುವಾಗ ಶಾಸನ, ಕಡತ, ನಾಣ್ಯ, ಕಟ್ಟಡ, ಸಾಹಿತ್ಯಕೃತಿ ಎಂದು ಹೇಳುವುದು ನಮ್ಮ ತರಗತಿಗಳ ವಾಡಿಕೆ. ಹುಲ್ಲುಬಯಲು, ಸಾಲುಮರ, ನೆಟ್ಟು ಬೆಳೆಸಿದ ಕಾಡು ಇವುಗಳಿಗೆ ಆ ಪಟ್ಟಿಯಲ್ಲಿ ಸ್ಥಾನ ದೊರೆಯುವುದು ಅಪರೂಪ. ಮರಗಿಡಗಳು ಪ್ರಕೃತಿಗೆ ಸೇರಿದುವು, ಪ್ರಕೃತಿಗೆ ಋತುಗಳುಂಟೇ ಹೊರತು ಚರಿತ್ರೆಯಿಲ್ಲ ಎಂಬ ಎಣಿಕೆ ಇದಕ್ಕೆ ಕಾರಣವಿರಬಹುದು. ಆದರೆ ೧೮ನೆಯ ಶತಮಾನದಲ್ಲಿ ಬ್ರಿಟನ್ನಿನ ಭೂಮಾಲೀಕರು ತಮ್ಮ ಸೌಧಗಳ ಸುತ್ತ ನಿರ್ಮಿಸಿದ ವನ, ಬಯಲು, ನೀರು, ದಾರಿ ಇವೆಲ್ಲವೂ ಪ್ರಕೃತಿಯಂತೆ ತೋರಲೆಂದೇ ಬುದ್ಧಿಪೂರ್ವಕವಾಗಿ ರಚಿಸಿದವು. ರಚನೆಯಾದ ಮೇಲೆ ಅದಕ್ಕೆ ಕರ್ತೃವುಂಟು, ಕಾಲವುಂಟು, ಪ್ರಯೋಜನವುಂಟು. ಆದಕಾರಣ ಕಾವ್ಯದಂತೆ, ಶಿಲ್ಪದಂತೆ, ಅದೂ ವಿಮರ್ಶೆಗೆ ವಿಷಯವಾಗತಕ್ಕದ್ದು.

ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ, ಆರ್ಗೈಲ್ ಪ್ರಾಂತದಲ್ಲಿರುವ ಇನ್ವರೇರಿ ಕೋಟೆಯ ಉಪವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇದನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಈ ಭೂದೃಶ್ಯದ ಮುಖ್ಯ ಭಾಗ ಕೋಟೆಯ ಮುಂದಿನ ತೆರಪಾದ ಹಸುರು ಬಯಲು. ಆ ಬಯಲಿನ ಕಡೆ ಒಂದು ಕಾಲದಲ್ಲಿ ಒಂದು ಪಟ್ಟಣವಿತ್ತು. ಪಟ್ಟಣವನ್ನು ತೆಗೆದುದರಿಂದಲೇ ಆ ನೋಟ ಉಂಟಾಯಿತು. ಹೀಗಿರಲು, ಆ ನೋಟದ ಚೆಲುವನ್ನು ಮೆಚ್ಚುವವನು ಯಾವುದನ್ನು ಮೆಚ್ಚುತ್ತಿದ್ದಾನೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

೨

ಮೊದಲು ಸ್ಥಳದ ಸ್ವರೂಪವನ್ನು ತಿಳಿಯಬೇಕು. ಲಾಖ್ ಫೈನ್ ಎಂಬುದು ಸಮುದ್ರವು ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ನೀಳವಾದ ಕೊಲ್ಲಿ. ಏರೇ ಎಂಬ ಸಣ್ಣ ನದಿ ಈ ಕೊಲ್ಲಿಯನ್ನು ಸೇರುವೆಡೆಯೇ ಇನ್ವರೇರಿ. ಗೇಲಿಕ್ ಭಾಷೆಯಲ್ಲಿ ಆ ಹೆಸರಿಗೆ ಏರೇ ನದಿಯ ಮುಖವೆಂದೇ ಅರ್ಥ. ಕ್ಯಾಂಪ್‌ಬೆಲ್ ಕುಲದ ನಾಯಕರು ೧೫ನೆಯ ಶತಮಾನದಿಂದ ಇಲ್ಲಿ ನೆಲೆಸಿದ್ದರು. ಅವರ ಹಳೆಯ ಗೋಪುರಕೋಟೆಯ ಆಶ್ರಯದಲ್ಲಿ, ನದೀಮುಖದ ಬಳಿ, ಮೀನುಗಾರರು, ವ್ಯಾಪಾರಿಗಳು, ಕುಶಲಕರ್ಮಿಗಳು ಇದ್ದ ಪಟ್ಟಣ ಬೆಳೆಯಿತು. ೧೬೪೪–೪೫ರ ಚಳಿಗಾಲದಲ್ಲಿ ಮಾಂಟ್ರೋಸನ ಸೈನ್ಯ ಇದನ್ನು ಸುಟ್ಟಿತು. ಆದರೂ ಪಟ್ಟಣ ಮತ್ತೆ ಎದ್ದಿತು. ೧೬೪೮ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯಿಂದ ರಾಜಸನದು ಪಡೆದ ಪಟ್ಟಣವೆಂಬ ಪದವಿಯನ್ನೂ ಗಳಿಸಿತು. ಇಲ್ಲಿ ನ್ಯಾಯಸ್ಥಾನವಿತ್ತು, ಸಂತೆಯಿತ್ತು, ಪೌರಾಧಿಕಾರಿಗಳಿದ್ದರು. ಆದಕಾರಣ ಇದನ್ನು ಒಡೆಯನ ಮನೆಯ ಬಾಗಿಲಲ್ಲಿದ್ದ ಆಳುಗಳ ಕೇರಿಯೆಂದು ಭಾವಿಸುವುದು ಸರಿಯಲ್ಲ.

೧೭೪೩ರಲ್ಲಿ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಆರ್ಗೈಲಿನ ಮೂರನೆಯ ಡ್ಯೂಕ್ ಆದನು. ಆಗ ಅವನಿಗೆ ಅರವತ್ತು ವರ್ಷ ದಾಟಿತ್ತು. ಬಹುಕಾಲ ಲಂಡನ್ನಿನ ರಾಜಕಾರಣದಲ್ಲಿದ್ದು, ಸ್ಕಾಟ್ಲೆಂಡಿನ ಆಡಳಿತದ ಸೂತ್ರಗಳನ್ನು ಕೈಯಲ್ಲಿ ಹಿಡಿದಿದ್ದವನು ಈತ. ಗಿಡಮರಗಳಲ್ಲಿ ಅವನಿಗಿದ್ದ ಆಸಕ್ತಿ ಬರಿಯ ಹವ್ಯಾಸದ ಮಟ್ಟದ್ದಲ್ಲ. ಲಂಡನ್ನಿನ ಸಮೀಪದ ವಿಟನ್ನಿನಲ್ಲಿ ಅವನು ದೂರದೇಶಗಳ ವೃಕ್ಷಗಳನ್ನು ತರಿಸಿ ಬೆಳೆಸಿದ್ದನು. ೧೭೬೧ರಲ್ಲಿ ಅವನು ತೀರಿಕೊಂಡ ತರುವಾಯ ಅವುಗಳಲ್ಲಿ ಅನೇಕವನ್ನು ಅವನ ಸೋದರಳಿಯನಾದ ಬ್ಯೂಟ್ ಪ್ರಭು ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಇಂತಹ ಮನುಷ್ಯನು ೧೭೪೪ರಲ್ಲಿ ಇನ್ವರೇರಿಗೆ ಬಂದಾಗ, ಶಿಥಿಲವಾದ ಹಳೆಯ ಕೋಟೆಯನ್ನು ದುರಸ್ತಿ ಮಾಡುವುದಕ್ಕಿಂತ ಎಲ್ಲವನ್ನೂ ಹೊಸದಾಗಿ ಯೋಜಿಸುವುದೇ ಮೇಲೆಂದು ನಿಶ್ಚಯಿಸಿದನು. ಹೊಸ ಕೋಟೆ, ಹೊಸ ಉಪವನ, ಬೇರೆಡೆಯಲ್ಲಿ ಹೊಸ ಪಟ್ಟಣ ಎಂಬ ಮೂರೂ ಒಂದೇ ಯೋಜನೆಯ ಅಂಗಗಳಾಗಿದ್ದುವೆಂಬುದನ್ನು ಮರೆಯಬಾರದು.

ವಾಸ್ತುಶಿಲ್ಪಿಯಾಗಿ ರೋಜರ್ ಮಾರಿಸನೂ, ಕೆಲಸದ ಮೇಲ್ವಿಚಾರಕನಾಗಿ ವಿಲಿಯಂ ಆಡಮ್ಮನೂ ನಿಯಮಿತರಾದರು. ಕಲ್ಲೊಡ�ನ್ ಕದನ ನಡೆದ ೧೭೪೬ರಲ್ಲಿಯೇ, ಅದೇ ವರ್ಷದ ಅಕ್ಟೋಬರಿನಲ್ಲಿ, ಅಸ್ತಿಭಾರದ ಕಲ್ಲನ್ನಿಟ್ಟರು. ಆಡಮ್ ೧೭೪೮ರಲ್ಲಿಯೂ ಮಾರಿಸ್ ೧೭೪೯ರಲ್ಲಿಯೂ ತೀರಿಕೊಂಡರು. ಆಡಮ್ಮನ ಮಗ ಜಾನ್ ಕೆಲಸವನ್ನು ಮುಂದುವರಿಸಿದನು. ನಾಲ್ಕನೆಯ ಡ್ಯೂಕನಿಗೆ ಇದರಲ್ಲಿ ಹೆಚ್ಚು ಆಸ್ಥೆಯಿರಲಿಲ್ಲ. ೧೭೭೦ರಲ್ಲಿ ಪದವಿಗೆ ಬಂದ ಐದನೆಯ ಡ್ಯೂಕ್ ಜಾನನು ರಾಬರ್ಟ್ ಮಿಲ್ನ್ ಎಂಬ ವಾಸ್ತುಶಿಲ್ಪಿಯ ನೆರವಿನಿಂದ ಕೋಟೆಯ ಒಳಾಂಗಣವನ್ನೂ ಹೊಸ ಪಟ್ಟಣವನ್ನೂ ಪೂರ್ಣಗೊಳಿಸಿದನು. ಕೋಟೆಯ ಕೆಲಸ ಮುಗಿದಾಗ ೧೭೮೯. ಎಂದರೆ ಈ ಕೃತಿಗೆ ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟ ಕಾಲ ಹಿಡಿಯಿತು. ಇದರ ಕರ್ತೃ ಒಬ್ಬನಲ್ಲ.

೩

ಈಗ ರಚನೆಯನ್ನು ನೋಡೋಣ. ಕೋಟೆ ಚೌಕಾಕಾರದ್ದು, ನಾಲ್ಕು ಮೂಲೆಗಳಲ್ಲಿ ದುಂಡಗಿನ ಗೋಪುರಗಳು, ನಡುವೆ ಎತ್ತರವಾದ ಮತ್ತೊಂದು ಗೋಪುರ. ಕಿಟಕಿಗಳಿಗೆ ಗಾಥಿಕ್ ಶೈಲಿಯ ಚೂಪು ಕಮಾನುಗಳು. ನಸುಹಸುರು ಬೆರೆತ ಬೂದುಬಣ್ಣದ ಸ್ಥಳೀಯ ಕಲ್ಲು ಮಳೆಯಲ್ಲಿ ತೊಯ್ದಾಗ ಕಪ್ಪೇರುತ್ತದೆ. ಮಳೆಗೆ ಹೆಸರಾದ ಆ ಸೀಮೆಯಲ್ಲಿ ಈ ಬಣ್ಣಪಲ್ಲಟ ಆಗಾಗ ಕಾಣುವಂಥದು. ಸುತ್ತಲೂ ಒಣ ಕಂದಕವಿದೆ. ಆದರೆ ಈ ಕಂದಕ ಶತ್ರುವನ್ನು ತಡೆಯಲೆಂದು ತೋಡಿದ್ದಲ್ಲ. ನೆಲಮಾಳಿಗೆಯಲ್ಲಿ ಕೆಲಸ ಮಾಡುವ ಪರಿಚಾರಕರ ಕೋಣೆಗಳಿಗೆ ಬೆಳಕು ಬರಲೆಂದು ತೋಡಿದ್ದು. ಯುದ್ಧದ ಆಕಾರವನ್ನು ಉಳಿಸಿಕೊಂಡು ಅದಕ್ಕೆ ಮನೆವಾರ್ತೆಯ ಕೆಲಸ ಕೊಟ್ಟಿರುವುದು ಇಲ್ಲಿನ ವಿಶೇಷ. ಹೆಸರಿಗೆ ಕೋಟೆ, ವಸ್ತುತಃ ಅರಮನೆ.

ಭೂದೃಶ್ಯದಲ್ಲಿಯೂ ಇದೇ ರೀತಿ. ಈಶಾನ್ಯದಲ್ಲಿ ನದಿಯಾಚೆ ಡೂನ್ ನ ಕ್ವೇಖ್ ಎಂಬ ಕಡಿದಾದ ಬೆಟ್ಟ, ಸಮುದ್ರದ ಮಟ್ಟದಿಂದ ಸುಮಾರು ೨೫೦ ಮೀಟರು ಎತ್ತರ. ಅದರ ನೆತ್ತಿಯ ಮೇಲೆ ೧೭೪೮ರಲ್ಲಿ ಒಂದು ಕಾವಲುಗೋಪುರವನ್ನು ಕಟ್ಟಿಸಿದರು. ಕಾಯುವುದಕ್ಕೆ ಅಲ್ಲಿ ಯಾರೂ ನಿಲ್ಲಬೇಕಾಗಿರಲಿಲ್ಲ. ಕೋಟೆಯ ಕಿಟಕಿಯಿಂದ ನೋಡಿದವರ ಕಣ್ಣು ಅಲ್ಲಿಗೆ ಏರಬೇಕೆಂಬುದೇ ಅದರ ಪ್ರಯೋಜನ. ಏರೇ ಕಣಿವೆಯ ಕಡೆಗೆ ಸಾಗುವ ಲೈಮ್ ಮರಗಳ ಸಾಲಿನ ಕೊನೆಗೆ ಕಾರ್ಲೂನನ್ ಎಂಬಲ್ಲಿ ದುಂಡಗಿನ ಪಾರಿವಾಳದ ಗೂಡನ್ನು ಅದೇ ಕಾಲದಲ್ಲಿ ನಿಲ್ಲಿಸಲಾಯಿತು. ಹಳೆಯ ಸಾಲುಮರಗಳು ೧೭ನೆಯ ಶತಮಾನದವು. ಹೊಸ ಯೋಜನೆ ಅವುಗಳನ್ನು ಕಡಿಯದೆ ತನ್ನೊಳಗೆ ಸೇರಿಸಿಕೊಂಡಿತು. ಹಳೆಯ ನೇರಗೆರೆಗಳೂ ಹೊಸ ಕಾಲದ ಸಡಿಲವಾದ ತೋಪುಗಳೂ ಒಂದೆಡೆ ಕೂಡಿರುವುದರಿಂದ, ಎರಡು ಶತಮಾನಗಳ ಅಭಿರುಚಿಯನ್ನು ಇಲ್ಲಿ ಒಟ್ಟಿಗೆ ನೋಡಬಹುದು.

ಆದರೆ ಇನ್ವರೇರಿಯ ರಚನೆಯಲ್ಲಿ ಹೆಚ್ಚು ಗಮನಾರ್ಹವಾದುದು ರಾಜಮಾರ್ಗ. ಅದೇ ಕಾಲದಲ್ಲಿ ಸರಕಾರದ ಸೈನಿಕರು ಡಂಬಾರ್ಟನ್ನಿನಿಂದ ಇನ್ವರೇರಿಗೆ ಸೇನಾಮಾರ್ಗವನ್ನು ನಿರ್ಮಿಸುತ್ತಿದ್ದರು. ಈ ದಾರಿ ಪೂರ್ವದಿಂದ ಕೊಲ್ಲಿಯ ದಡವನ್ನನುಸರಿಸಿ ಬಂದು, ಮಾರಿಸನ ವಿನ್ಯಾಸದಂತೆ ಕಟ್ಟಿದ ಗ್ಯಾರನ್ ಸೇತುವೆಯನ್ನೂ, ಅನಂತರ ಏರೇ ಸೇತುವೆಯನ್ನೂ ದಾಟುತ್ತದೆ. ಏರೇ ನದಿಯ ಮೊದಲ ಸೇತುವೆ ೧೭೭೨ರ ಪ್ರವಾಹದಲ್ಲಿ ಕೊಚ್ಚಿಹೋಗಲು ಮಿಲ್ನ್ ಮತ್ತೊಂದನ್ನು ಕಟ್ಟಿದನು. ಈ ಹಾದಿಯಲ್ಲಿ ಬರುವ ಪ್ರಯಾಣಿಕನಿಗೆ ನೀರಿನಾಚೆ ಮೊದಲು ಬೆಟ್ಟದ ಗೋಪುರ, ಬಳಿಕ ಬಯಲಿನ ನಡುವೆ ಕೋಟೆ, ಕಡೆಗೆ ಬಿಳಿಯ ಗೋಡೆಗಳ ಹೊಸ ಪಟ್ಟಣ ಕ್ರಮವಾಗಿ ಗೋಚರಿಸುತ್ತವೆ. ಸಾಮಾನ್ಯವಾಗಿ ಭೂಮಾಲೀಕನ ಉಪವನ ಗೋಡೆಯೊಳಗೆ ಒಡೆಯನ ಸ್ವಂತ ಸುಖಕ್ಕಾಗಿ ಇರುತ್ತದೆ. ಇಲ್ಲಿಯಾದರೋ ದಾರಿಹೋಕನೇ ಪ್ರೇಕ್ಷಕ. ಅವನಿಗೆ ತೋರಿಸಲೆಂದೇ ರಂಗಸಜ್ಜಿಕೆ ಸಿದ್ಧವಾಗಿದೆ.

ಈ ರಂಗಕ್ಕೆ ಅಡ್ಡವಾಗಿ ನಿಂತಿದ್ದುದು ಹಳೆಯ ಪಟ್ಟಣ.

೪

ಪಟ್ಟಣವನ್ನು ಕೋಟೆಗೆ ದಕ್ಷಿಣದಲ್ಲಿ, ಸುಮಾರು ಅರ್ಧ ಮೈಲಿ ದೂರದಲ್ಲಿ, ಕೊಲ್ಲಿಯೊಳಕ್ಕೆ ಚಾಚಿದ ಭೂಶಿರಕ್ಕೆ ಸಾಗಿಸಬೇಕೆಂದು ಗೊತ್ತುಮಾಡಲಾಯಿತು. ಆ ಭೂಶಿರಕ್ಕೆ ಗಲ್ಲುಗಂಬದ ಹೆಸರಿತ್ತು. ಜಾನ್ ಆಡಮ್ಮನ ವಿನ್ಯಾಸದ ದೊಡ್ಡ ವಸತಿಗೃಹವೂ ನ್ಯಾಯಸ್ಥಾನದ ಕಟ್ಟಡವೂ ೧೭೫೦ರ ದಶಕದಲ್ಲಿ ಅಲ್ಲಿ ಎದ್ದುವು. ಸಾಮಾನ್ಯ ಜನರ ವಾಸಕ್ಕಾಗಿ ಮುಖ್ಯಬೀದಿಯ ಎರಡೂ ಪಕ್ಕದಲ್ಲಿ ಮಿಲ್ನ್ ಕಟ್ಟಿದ ದೊಡ್ಡ ವಠಾರಗಳು ೧೭೭೦ರ ದಶಕದವು. ಅಲ್ಲಿಯವರೆಗೆ, ಎಂದರೆ ಹೊಸ ಕೋಟೆಗೆ ಅಸ್ತಿಭಾರ ಹಾಕಿದ ಮೇಲೆ ಹತ್ತಿರ ಹತ್ತಿರ ಮೂವತ್ತು ವರ್ಷ, ಹಳೆಯ ಪಟ್ಟಣದ ಮನೆಗಳು ಅದರೆದುರಿಗೇ ಉಳಿದಿದ್ದುವು. ಇದಕ್ಕೆ ಡ್ಯೂಕುಗಳ ಮರಣ, ಹಣದ ಹೊಂದಾಣಿಕೆ ಮೊದಲಾದ ಕಾರಣಗಳಿದ್ದುವು. ಅವುಗಳ ಜತೆಗೆ ಜನ ಇನ್ನೂ ಅಲ್ಲಿ ವಾಸಿಸುತ್ತಿದ್ದರು, ಅವರಿಗೆ ಬೇರೆ ಮನೆ ಸಿದ್ಧವಾಗುವವರೆಗೆ ಬಯಲು ಬಯಲಾಗಲಾರದು ಎಂಬ ಸರಳ ಸಂಗತಿಯನ್ನೂ ಎಣಿಸಬೇಕು. ನಕ್ಷೆಯಲ್ಲಿ ಪಟ್ಟಣವನ್ನು ಅಳಿಸಲು ಒಂದು ಗಳಿಗೆ ಸಾಕು. ನೆಲದ ಮೇಲೆ ಅಳಿಸಲು ಒಂದು ತಲೆಮಾರು ಬೇಕಾಯಿತು.

ಇದೇ ವರ್ಷಗಳಲ್ಲಿ ಆ ನಾಡಿನ ಅಧಿಕಾರದ ಸ್ವರೂಪ ಬದಲಾಯಿಸುತ್ತಿತ್ತು. ಸ್ಕಾಟಿಷ್ ಕುಲನಾಯಕರಿಗೂ ಭೂಮಾಲೀಕರಿಗೂ ವಂಶಪಾರಂಪರ್ಯವಾಗಿ ಬಂದಿದ್ದ ನ್ಯಾಯಾಧಿಕಾರವನ್ನು ಪಾರ್ಲಿಮೆಂಟು ೧೭೪೬ರ ಶಾಸನದಿಂದ ರದ್ದುಮಾಡಿತು. ಅದು ೧೭೪೮ರಲ್ಲಿ ಜಾರಿಗೆ ಬಂದಿತು. ಇದಕ್ಕೆ ಪ್ರತಿಯಾಗಿ ಆರ್ಗೈಲಿನ ಡ್ಯೂಕನಿಗೆ ದೊರೆತ ಪರಿಹಾರಧನ ೨೧,೦೦೦ ಪೌಂಡು. ಪಿತ್ರಾರ್ಜಿತವಾದ ದಂಡಾಧಿಕಾರ ಹಣವಾಗಿ ಮಾರ್ಪಟ್ಟ ಕಾಲದಲ್ಲಿಯೇ, ಕಾವಲಿಲ್ಲದ ಕಾವಲುಗೋಪುರವೂ ಯುದ್ಧವಿಲ್ಲದ ಕಂದಕವೂ ಇನ್ವರೇರಿಯಲ್ಲಿ ರೂಪುಗೊಂಡುವು. ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳುವಂತಿಲ್ಲ. ಯೋಜನೆ ಶಾಸನಕ್ಕಿಂತ ಎರಡು ವರ್ಷ ಹಿಂದಿನದು. ಆದರೂ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅರ್ಥ ಹೊರಡುತ್ತದೆ. ಆಜ್ಞೆಯಿಂದ ತೋರಿಸಲಾಗದ ಹಿರಿಮೆಯನ್ನು ಇನ್ನು ಮುಂದೆ ದೃಶ್ಯದಿಂದ ತೋರಿಸಬೇಕಾಗಿತ್ತು.

ಡ್ಯೂಕ್ ನ್ಯಾಯಪೀಠದಿಂದ ಪೂರ್ತಿಯಾಗಿ ಇಳಿಯಲಿಲ್ಲವೆಂಬುದನ್ನೂ ಹೇಳಬೇಕು. ದೊರೆಯಿಂದ ನಿಯಮಿತನಾದ ಸ್ಕಾಟ್ಲೆಂಡಿನ ಮುಖ್ಯ ನ್ಯಾಯಾಧಿಪತಿಯಾಗಿ ಅವನು ೧೭೫೨ರ ಸೆಪ್ಟೆಂಬರಿನಲ್ಲಿ ಇನ್ವರೇರಿಯಲ್ಲಿಯೇ ಒಂದು ವಿಚಾರಣೆಯನ್ನು ನಡೆಸಿದನು. ಕಾಲಿನ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯ ಕೊಲೆಯಲ್ಲಿ ಸಹಾಯಕನಾಗಿದ್ದನೆಂದು ಜೇಮ್ಸ್ ಸ್ಟುವರ್ಟ್ ಎಂಬವನ ಮೇಲೆ ಆರೋಪವಿತ್ತು. ಹದಿನೈದು ಮಂದಿ ಜೂರಿಗಳಲ್ಲಿ ಹನ್ನೊಂದು ಮಂದಿ ಕ್ಯಾಂಪ್‌ಬೆಲ್ಲರು. ಅಪರಾಧಿಯೆಂದು ತೀರ್ಮಾನವಾಗಿ ಅವನನ್ನು ಆ ನವೆಂಬರಿನಲ್ಲಿ ಬಾಲಹೂಲಿಷ್ ಎಂಬಲ್ಲಿ ಗಲ್ಲಿಗೇರಿಸಿದರು. ಈ ತೀರ್ಪು ನ್ಯಾಯವಾದುದೇ ಎಂಬ ವಿವಾದ ಇಂದಿಗೂ ನಿಂತಿಲ್ಲ. ವೃಕ್ಷಪ್ರಿಯನಾದ ಡ್ಯೂಕನೂ ಈ ನ್ಯಾಯಾಧಿಪತಿಯೂ ಒಬ್ಬನೇ. ಉಪವನದ ಇತಿಹಾಸದಲ್ಲಿ ಒಬ್ಬನನ್ನೂ ರಾಜಕೀಯ ಇತಿಹಾಸದಲ್ಲಿ ಮತ್ತೊಬ್ಬನನ್ನೂ ಬೇರೆ ಬೇರೆಯಾಗಿ ಓದುವುದು ನಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ವಿಭಾಗ ಮಾತ್ರ.

೫

ಈ ಭೂದೃಶ್ಯವನ್ನು ಕುರಿತು ಬಂದಿರುವ ನಿರ್ಣಯಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ರಸಿಕನ ನಿರ್ಣಯ. ೧೭೭೩ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದ ಡಾಕ್ಟರ್ ಜಾನ್ಸನ್ ಕೋಟೆಯ ಭವ್ಯತೆಯನ್ನು ಮೆಚ್ಚಿದನೆಂದೂ, ಆದರೆ ಅದು ತಗ್ಗಾಯಿತು, ಇನ್ನೊಂದು ಅಂತಸ್ತು ಇರಬೇಕಾಗಿತ್ತು ಎಂದು ಅಭಿಪ್ರಾಯಪಟ್ಟನೆಂದೂ ಬಾಸ್ವೆಲ್ ಬರೆದಿಟ್ಟಿದ್ದಾನೆ. ೧೮೭೭ರ ಬೆಂಕಿಯ ತರುವಾಯ ಆಂಟನಿ ಸಾಲ್ವಿನ್ ಮೇಲಂತಸ್ತನ್ನೂ ಗೋಪುರಗಳಿಗೆ ಶಂಕುವಿನಾಕಾರದ ಮಾಡುಗಳನ್ನೂ ಸೇರಿಸಿದನು. ಇಂದಿನ ಪ್ರವಾಸಿಗೆ ಮಧ್ಯಯುಗದ್ದೆಂದು ತೋರುವ ಆ ಮಾಡುಗಳು ವಿಕ್ಟೋರಿಯಾ ರಾಣಿಯ ಕಾಲದವು. ಕಣ್ಣು ಒಂದನ್ನೇ ನಂಬಿದ ನಿರ್ಣಯ ಎಷ್ಟು ಸುಲಭವಾಗಿ ಕಾಲವನ್ನು ತಪ್ಪುತ್ತದೆಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಅಭಿವೃದ್ಧಿಯ ಪಕ್ಷ. ಹಳೆಯ ಪಟ್ಟಣಕ್ಕಿಂತ ಹೊಸ ಪಟ್ಟಣದ ಮನೆಗಳು ಗಟ್ಟಿ, ಬೀದಿಗಳು ಅಗಲ. ಸ್ಕಾಟ್ಲೆಂಡಿನ ನಗರಯೋಜನೆಯಲ್ಲಿ ಅದಕ್ಕೆ ಉತ್ತಮ ಸ್ಥಾನವುಂಟು ಎಂಬುದು ಈ ಪಕ್ಷದ ವಾದ. ಇಯಾನ್ ಲಿಂಡ್ಸೇ ಮತ್ತು ಮೇರಿ ಕಾಷ್ ಬರೆದು ೧೯೭೩ರಲ್ಲಿ ಪ್ರಕಟವಾದ ಇನ್ವರೇರಿಯ ಇತಿಹಾಸ ಈ ವಿಷಯದಲ್ಲಿ ಅತ್ಯಂತ ಸಮಗ್ರವಾದ ಗ್ರಂಥ. ಲಿಂಡ್ಸೇ ಸ್ವತಃ ವಾಸ್ತುಶಿಲ್ಪಿ. ಹೊಸ ಪಟ್ಟಣದ ಮನೆಗಳ ಜೀರ್ಣೋದ್ಧಾರವನ್ನು ೧೯೬೦ರ ಆಸುಪಾಸಿನಲ್ಲಿ ನಡೆಸಿದವರು. ಕಲ್ಲು, ಸುಣ್ಣ, ಲೆಕ್ಕಪತ್ರಗಳನ್ನು ಇಷ್ಟು ಶ್ರದ್ಧೆಯಿಂದ ಕೂಡಿಸಿದ ಗ್ರಂಥ ಎಲ್ಲ ಎಸ್ಟೇಟುಗಳಿಗೂ ದೊರೆಯುವಂಥದಲ್ಲ. ಆದರೆ ಇಂತಹ ಇತಿಹಾಸಕ್ಕೆ ಆಧಾರವಾಗುವ ಪತ್ರಗಳು ಡ್ಯೂಕ್, ಅವನ ಪ್ರತಿನಿಧಿಗಳು, ಪಾರುಪತ್ಯಗಾರರು, ವಾಸ್ತುಶಿಲ್ಪಿಗಳು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡವು. ಪಟ್ಟಣದ ಜನರಲ್ಲಿ ಬಹುಮಂದಿಯ ಮಾತು ಗೇಲಿಕ್. ಪತ್ರಗಳಲ್ಲಿ ಅವರು ಮಾತಾಡುವವರಾಗಿ ಬರುವುದಕ್ಕಿಂತ ಮಾತಿಗೆ ವಿಷಯವಾಗಿಯೇ ಹೆಚ್ಚಾಗಿ ಬರುತ್ತಾರೆ. ಮಿಲ್ನ್ ಕಟ್ಟಿ ೧೮೦೨ರ ಹೊತ್ತಿಗೆ ಪೂರ್ತಿಯಾದ ಚರ್ಚನ್ನು ನಡುಗೋಡೆಯಿಂದ ಎರಡಾಗಿ ಮಾಡಿ ಒಂದು ಭಾಗದಲ್ಲಿ ಇಂಗ್ಲಿಷ್, ಮತ್ತೊಂದರಲ್ಲಿ ಗೇಲಿಕ್ ಪ್ರಾರ್ಥನೆಗೆ ಅವಕಾಶವಿತ್ತರು. ಕಡತ ಮರೆತ ಭಾಷಾಭೇದವನ್ನು ಗೋಡೆ ನೆನಪಿಟ್ಟಿದೆ.

ಮೂರನೆಯದು ಖಂಡನೆಯ ಪಕ್ಷ. ಪಟ್ಟಣವನ್ನು ಎತ್ತಿಸಿದುದು ದೌರ್ಜನ್ಯ, ೧೯ನೆಯ ಶತಮಾನದ ಆದಿಯಲ್ಲಿ ಸದರ್ಲೆಂಡಿನಲ್ಲಿ ರೈತರನ್ನು ಒಕ್ಕಲೆಬ್ಬಿಸಿದುದಕ್ಕೆ ಇದು ಸಮಾನ ಎಂದು ಹೇಳುವ ಪ್ರಲೋಭನೆ ಸಹಜ. ಈ ಹೋಲಿಕೆ ನಿಲ್ಲುವುದಿಲ್ಲ. ಅಲ್ಲಿ ಕುರಿಸಾಕಣೆಗಾಗಿ ಜನರನ್ನು ಜೀವನೋಪಾಯದಿಂದಲೇ ದೂರಮಾಡಿದರು. ಇಲ್ಲಿ ಅರ್ಧ ಮೈಲಿಯಾಚೆ, ಅದೇ ಕೊಲ್ಲಿಯ ದಡದಲ್ಲಿ, ಪಟ್ಟಣಕ್ಕೆ ನೆಲೆಯಿತ್ತರು. ಇನ್ವರೇರಿಗೆ ಸರಿಯಾದ ಹೋಲಿಕೆ ಗಾರ್ಡನ್ ಕೋಟೆಯ ಬಳಿಯಿಂದ ೧೭೭೬ರಿಂದ ಸಾಗಿಸಿದ ಫಾಕಬರ್ಸ್, ೧೯ನೆಯ ಶತಮಾನದ ಮೊದಲಲ್ಲಿ ಸಾಗಿಸಿದ ಸ್ಕೂನ್, ೧೮೨೦ರ ದಶಕದ ಕಲನ್. ಇಂಗ್ಲೆಂಡಿನಲ್ಲಿಯಾದರೆ ೧೭೬೦ರ ದಶಕದ ನ್ಯೂನಮ್ ಕೋರ್ಟ್ನಿ. ಇವುಗಳಲ್ಲಿ ಇನ್ವರೇರಿಯ ಯೋಜನೆಯೇ ಮೊದಲಿನದು. ವಿಷಯದ ಗುರುತ್ವ ಕಡಿಮೆಯಾಯಿತೆಂದು ಇದರ ಅರ್ಥವಲ್ಲ. ನೋವನ್ನು ಅಳೆಯುವಾಗಲೂ ಅಳತೆ ಸರಿಯಾಗಿರಬೇಕು. ಇಲ್ಲವಾದರೆ ಸದರ್ಲೆಂಡಿನ ರೈತರಿಗೂ ಇನ್ವರೇರಿಯ ಪೌರರಿಗೂ ಅನ್ಯಾಯವಾಗುತ್ತದೆ.

೬

ಸ್ಕಾಟ್ಲೆಂಡಿನಲ್ಲಿ ಇಂತಹ ಉದ್ಯಾನಗಳ ಹಾಗೂ ರಚಿತ ಭೂದೃಶ್ಯಗಳ ಅಧಿಕೃತ ಪಟ್ಟಿಯೊಂದು ೧೯೮೭ರಲ್ಲಿ ಸಿದ್ಧವಾಯಿತು. ೨೦೧೧ರ ಶಾಸನದಿಂದ ಅದಕ್ಕೆ ಕಾನೂನಿನ ಆಧಾರ ದೊರೆಯಿತು. ಈಗ ಅದನ್ನು ಹಿಸ್ಟಾರಿಕ್ ಎನ್ವಿರಾನ್ಮೆಂಟ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ ನಿರ್ವಹಿಸುತ್ತಿದೆ. ಇನ್ವರೇರಿ ಆ ಪಟ್ಟಿಯಲ್ಲಿದೆ. ಪಟ್ಟಿಯ ಮೂಲಕ್ರಮದಲ್ಲಿ ಒಂದೊಂದು ಸ್ಥಳವನ್ನೂ ಏಳು ಮೌಲ್ಯಗಳಿಂದ ಅಳೆದರು: ಕಲಾಕೃತಿಯಾಗಿ, ಚಾರಿತ್ರಿಕವಾಗಿ, ತೋಟಗಾರಿಕೆಯ ದೃಷ್ಟಿಯಿಂದ, ವಾಸ್ತುದೃಷ್ಟಿಯಿಂದ, ದೃಶ್ಯಸೌಂದರ್ಯದಿಂದ, ನಿಸರ್ಗರಕ್ಷಣೆಯಿಂದ, ಪುರಾತತ್ತ್ವದಿಂದ. ಈ ಕ್ರಮದಿಂದ ಅನೇಕ ಉದ್ಯಾನಗಳು ನಾಶದಿಂದ ರಕ್ಷಣೆ ಪಡೆಯಲು ಅನುಕೂಲವಾಯಿತು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಇದರಲ್ಲೊಂದು ನ್ಯೂನತೆಯಿದೆ. ಏಳೂ ಮೌಲ್ಯಗಳು ಇರುವುದನ್ನು ಅಳೆಯತಕ್ಕವು. ಪಟ್ಟಣದ ಸ್ಥಳಾಂತರ ಚರಿತ್ರೆಯ ಅಂಕಣಕ್ಕೆ ಸೇರುತ್ತದೆ, ಬಯಲಿನ ಚೆಲುವು ದೃಶ್ಯದ ಅಂಕಣಕ್ಕೆ. ಎರಡೂ ಒಂದೇ ಸಂಗತಿಯ ಎರಡು ಮುಖಗಳೆಂದು ಹೇಳಲು ಅಂಕಣವಿಲ್ಲ.

ಇಲ್ಲಿ ನಮ್ಮ ವೈಶೇಷಿಕರ ವಿಚಾರ ಸಹಾಯಕ್ಕೆ ಬರುತ್ತದೆ. ಅವರ ಪರಂಪರೆಯಲ್ಲಿ ಏಳನೆಯ ಪದಾರ್ಥವಾಗಿ ಪರಿಗಣಿತವಾದುದು ಅಭಾವ. ನೆಲದ ಮೇಲೆ ಗಡಿಗೆಯಿಲ್ಲ ಎಂಬ ತಿಳಿವಳಿಕೆಯೂ ಒಂದು ತಿಳಿವಳಿಕೆಯೇ. ಅಭಾವದಲ್ಲಿಯೂ ಅವರು ಭೇದಗಳನ್ನು ಮಾಡುತ್ತಾರೆ. ಎಂದೆಂದಿಗೂ ಇಲ್ಲದ್ದು ಅತ್ಯಂತಾಭಾವ. ಇದ್ದು ನಾಶವಾದುದರ ಇಲ್ಲಮೆ ಪ್ರಧ್ವಂಸಾಭಾವ. ಎಂದೂ ಪಟ್ಟಣವಿಲ್ಲದ ಹುಲ್ಲುಬಯಲೂ ಪಟ್ಟಣವನ್ನು ತೆಗೆದು ಮಾಡಿದ ಹುಲ್ಲುಬಯಲೂ ಕಣ್ಣಿಗೆ ಒಂದೇ ಹಸುರು. ಇವೆರಡರ ಭೇದವನ್ನು ತಿಳಿಸಬಲ್ಲುದು ಚರಿತ್ರೆ ಮಾತ್ರ. ಆದುದರಿಂದ ರಚಿತ ಭೂದೃಶ್ಯದ ವಿಮರ್ಶೆಯಲ್ಲಿ ಪ್ರಧ್ವಂಸಾಭಾವಕ್ಕೆ ಒಂದು ಸ್ಥಾನ ಸಲ್ಲಬೇಕೆಂದು ನನ್ನ ಸೂಚನೆ. ಅದನ್ನು ಎಂಟನೆಯ ಮೌಲ್ಯವೆಂದು ಪ್ರತ್ಯೇಕವಾಗಿ ಸೇರಿಸುವುದರಿಂದ ಪ್ರಯೋಜನ ಸಾಲದು. ಉಳಿದ ಏಳನ್ನೂ ನಿರ್ಣಯಿಸುವಾಗ ಅದನ್ನು ಮನಸ್ಸಿನಲ್ಲಿಟ್ಟಿರಬೇಕು.

ಹೀಗೆ ಓದಿದರೆ ಇನ್ವರೇರಿಯ ಚೆಲುವು ಕುಂದುವುದಿಲ್ಲ. ಬೆಟ್ಟ, ನೀರು, ಮರ, ಕಲ್ಲು ಇವುಗಳನ್ನು ಇಷ್ಟು ವಿಸ್ತಾರವಾದ ಹರವಿನಲ್ಲಿ ಒಂದು ಲಯಕ್ಕೆ ತಂದ ಕೃತಿಗಳು ಯೂರೋಪಿನಲ್ಲಿಯೂ ಹೆಚ್ಚಿಲ್ಲ. ಆದರೆ ಆ ಲಯದಲ್ಲಿ ಒಂದು ಮೌನವಿದೆ, ಆ ಮೌನ ರಚನೆಯ ಭಾಗ ಎಂಬುದು ಸ್ಪಷ್ಟವಾಗುತ್ತದೆ. ಹಳೆಯ ಪಟ್ಟಣದ ಶಿಲುಬೆಗಂಬ ಇಂದು ಹೊಸ ಪಟ್ಟಣದ ಮುಖ್ಯಬೀದಿಯ ತುದಿಯಲ್ಲಿ, ನೀರಿಗೆ ಎದುರಾಗಿ ನಿಂತಿದೆ. ೧೮೬೩ರಲ್ಲಿ ಇನ್ವರೇರಿಯಲ್ಲಿ ಹುಟ್ಟಿದ ನೀಲ್ ಮನ್ರೋ ತನ್ನ ೧೮೯೮ರ ಕಾದಂಬರಿ ‘ಜಾನ್ ಸ್ಪ್ಲೆಂಡಿಡ್’ನಲ್ಲಿ ಮಾಂಟ್ರೋಸನ ಕಾಲದ ಹಳೆಯ ಊರನ್ನು ಮತ್ತೆ ಕಟ್ಟಲು ಯತ್ನಿಸಿದನು. ನೆಲದಿಂದ ಅಳಿದುದು ಒಂದು ಕಂಬವಾಗಿ, ಒಂದು ಕಥೆಯಾಗಿ ಬೇರೆಡೆ ಉಳಿದಿದೆ.

ವಿದ್ಯಾರ್ಥಿಗಳು ಇಂತಹ ಯಾವುದೇ ಉದ್ಯಾನವನ್ನು ಅಭ್ಯಾಸಮಾಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಈ ನೋಟವನ್ನು ಯಾರ ಕಣ್ಣಿಗಾಗಿ ಸಿದ್ಧಪಡಿಸಿದರು? ಇದಕ್ಕೆ ತಗುಲಿದ ಹಣವೂ ಶ್ರಮವೂ ಯಾರವು? ಇಲ್ಲಿ ಈಗ ಇಲ್ಲದಿರುವುದು ಯಾವುದು? ಮೊದಲಿನ ಎರಡಕ್ಕೆ ಕಡತಗಳಲ್ಲಿ ಉತ್ತರ ದೊರೆಯಬಹುದು. ಮೂರನೆಯದಕ್ಕೆ ಹಳೆಯ ನಕ್ಷೆಯನ್ನು ಕೈಯಲ್ಲಿ ಹಿಡಿದು ಬಯಲಿನ ಮೇಲೆ ನಡೆದು ನೋಡಬೇಕು.